ಗೆದ್ದವಳ ಮನೆಗೆ ಅತ್ತೆ

ಜನವರಿ 9, ಮಂಗಳವಾರ

ಹೊಟ್ಟೆಯಲ್ಲಿಟ್ಟುಕೊಂಡರೆ ಅಜೀರ್ಣ, ಬಾಯಿಬಿಟ್ಟರೆ ಮನೆಯೆಲ್ಲ ಸುದ್ದಿ. ಅದಕ್ಕೇ ಬರೆಯುತ್ತಿದ್ದೇನೆ. ನಮ್ಮವರಿಗೆ ಹೇಳಿದರೆ ಅವರು ಪಂಕ್ಚರ್ ಹಾಕುತ್ತಾ ಭಾವನಿಗೆ ಹೇಳುತ್ತಾರೆ, ಭಾವ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ತಮ್ಮ ಹೆಂಡತಿಗೆ ಹೇಳುತ್ತಾರೆ. ಅಣ್ಣತಮ್ಮಂದಿರು ಸೇರಿ ನಡೆಸುವುದು ಸೈಕಲ್ ಅಂಗಡಿ. ಅಲ್ಲಿ ಟ್ಯೂಬಿನಲ್ಲಿ ಗಾಳಿ ನಿಂತೀತು, ಇವರಿಬ್ಬರ ಬಾಯಲ್ಲಿ ಮಾತು ನಿಲ್ಲದು.

ಭಾವನ ಹೆಂಡತಿ, ಅಂದರೆ ನನ್ನ ಓರಗಿತ್ತಿ, ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾರೆ. ನಾನು ಇಟ್ಟ ಹೆಸರು ಹೆಡ್ಮೇಡಂ. ಅವರ ಜೊತೆ ಮಾತು ಬಿಟ್ಟು ನಾಲ್ಕು ತಿಂಗಳಾಯಿತು. ಮನೆ ತುಂಬ ನೆಂಟರಿದ್ದ ದಿನ, ಎಲ್ಲರ ಎದುರು, "ನಮ್ಮ ಚಿಕ್ಕವಳು ಮಾಡಿದ ಅನ್ನ ಇದ್ರೆ ಅಂಗಡಿಗೆ ಗೋಂದು ತರೋದೇ ಬೇಡ, ಅದ್ರಲ್ಲೇ ಪಂಕ್ಚರ್ ಹಾಕ್ಬಹುದು" ಅಂದುಬಿಟ್ಟರು. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ನಮ್ಮವರು. ಅವರನ್ನು ವಾರದೊಳಗೆ ಕ್ಷಮಿಸಿದೆ. ಗಂಡನಲ್ಲವೇ, ಎಷ್ಟು ದಿನ ಅಂತ ಮುಖ ತಿರುಗಿಸುವುದು. ಹೆಡ್ಮೇಡಂ ಜೊತೆ ಮಾತ್ರ ಠೂ ಅಂದರೆ ಠೂ.

ಆದರೆ ಅಡುಗೆಮನೆ ಒಂದೇ. ಹಾಗಾಗಿ ಅತ್ತೆಯೇ ನಮ್ಮ ಅಂಚೆ ಕಚೇರಿ. "ಅತ್ತೆ, ಚಿಕ್ಕವಳಿಗೆ ಹೇಳಿ, ಹಾಲು ಉಕ್ತಿದೆ." "ಅತ್ತೆ, ದೊಡ್ಡವರಿಗೆ ಹೇಳಿ, ಕಂಡವರೇ ಒಲೆ ಆರಿಸ್ಬಹುದು." ಅತ್ತೆ ಮೊಣಕಾಲು ಹಿಡಿದುಕೊಂಡು ಎದ್ದು ಬರುವಷ್ಟರಲ್ಲಿ ಹಾಲು ಪಾತ್ರೆಯಲ್ಲಿ ಇರುವುದಿಲ್ಲ.

ಇವತ್ತಿನ ಸುದ್ದಿ ಇದು. ಶಾಲೆಯವರು ಹೆಡ್ಮೇಡಂಗೆ ಕ್ವಾರ್ಟರ್ಸ್ ಕೊಟ್ಟಿದ್ದಾರೆ, ಊರಿನ ಆ ತುದಿಯಲ್ಲಿ. ಮೇ ಕೊನೆಗೆ ಹೊರಡುತ್ತಾರಂತೆ. ಕುಣಿಯುವುದೊಂದು ಬಾಕಿ ನನಗೆ. ಅಷ್ಟರಲ್ಲಿ ಪ್ರಶ್ನೆ ಬಂತು: ಅತ್ತೆ ಯಾರ ಜೊತೆ? "ಅಮ್ಮ ಈ ಮನೆಗೇ ಒಗ್ಗಿದಾರೆ, ಇಲ್ಲೇ ಇರ್ಲಿ" ಅಂದರು ಭಾವ. "ಅಲ್ಲಿ ಮೆಟ್ಟಿಲೇ ಇಲ್ಲ, ಅಮ್ಮನ ಕಾಲಿಗೆ ಒಳ್ಳೇದು" ಅಂದರು ನಮ್ಮವರು. "ನನಗೆ ಶಾಲೆ ಇರತ್ತಲ್ಲ" ಅಂದರು ಹೆಡ್ಮೇಡಂ, ಕಿಟಕಿಗೆ. "ನನಗೂ ಕ್ಲಿನಿಕ್ಕಿದೆ" ಅಂದೆ ನಾನು, ಗೋಡೆಗೆ. ಹಲ್ಲಿನ ಡಾಕ್ಟರ ಬಳಿ ರೋಗಿಗಳ ಹೆಸರು ಕರೆಯುವವಳು ನಾನು. ಹಗಲಿಡೀ ಮನೆಯಲ್ಲಿ ಇರುವುದಿಲ್ಲ. ತಟ್ಟೆಯಲ್ಲುಳಿದ ಕೊನೆಯ ಬಿಸ್ಕತ್ತನ್ನು ನೀವು ತಗೊಳ್ಳಿ, ನೀವು ತಗೊಳ್ಳಿ ಅಂತ ತಳ್ಳಾಡಿದ ಹಾಗಿತ್ತು. ಬಿಸ್ಕತ್ತಾದರೆ ಒಳಗೊಳಗೆ ಇಬ್ಬರಿಗೂ ಆಸೆ ಇರುತ್ತದೆ, ಅಷ್ಟೇ ವ್ಯತ್ಯಾಸ.

ಅತ್ತೆ ತಮ್ಮ ಕೋಣೆಯಲ್ಲಿ ರೇಡಿಯೋ ಮುಂದೆ ಕೂತಿದ್ದರು. ಕೇಳಿಸಿರಲಿಕ್ಕಿಲ್ಲ.

ಜನವರಿ 12

ಬೆಳಗಿನ ಚಹಾ ಹೊತ್ತಿಗೆ ಅತ್ತೆ ಬಂದು ನನ್ನ ಮತ್ತು ಹೆಡ್ಮೇಡಂ ನಡುವೆ ಮೇ ತಿಂಗಳ ಪಂದ್ಯದ ಕಾಗದ ಇಟ್ಟರು. ಕೆರೆಯಲ್ಲಿ ಈಜು, ಆಮೇಲೆ ಸೈಕಲ್, ಆಮೇಲೆ ಓಟ, ನಡುವೆ ಉಸಿರಾಡಲೂ ಬಿಡುವಿಲ್ಲ. ಅದಕ್ಕೆ ಟ್ರಯಥ್ಲಾನ್ ಅನ್ನುತ್ತಾರೆ. ಇದು ಅದರಲ್ಲೇ ಗಿಡ್ಡನೆಯದಂತೆ. ಪ್ರತಿ ವರ್ಷ ಅಲ್ಲಿ ರಿಪೇರಿ ಟೆಂಟು ನಮ್ಮ ಅಂಗಡಿಯದೇ, ಹಾಗಾಗಿ ಎರಡು ಹೆಸರು ಪುಕ್ಕಟೆ ಸೇರಿಸಬಹುದು.

"ನಿಮ್ಮ ಗಂಡಂದಿರ ಮಂಡಿ ಸವೆದು ಹೋಗಿದೆ. ನೀವಿಬ್ರೂ ಹೋಗಿ" ಅಂದರು. "ಗೆದ್ದವಳ ಮನೇಲಿ ನಾನಿರ್ತೀನಿ."

ನಮ್ಮವರಿಗೆ ಚಹಾ ಮೂಗಿಗೆ ಹತ್ತಿತು. "ಇದೇನಮ್ಮ ತಮಾಷೆ" ಅಂದರು ಭಾವ.

"ನಾನು ಯಾರನ್ನ ಅಂತ ಆರಿಸ್ಲಿ? ನನ್ನ ಕೈಲಾಗಲ್ಲ. ಓಡಿ ತೀರ್ಮಾನ ಮಾಡ್ಕೊಳ್ಳಿ."

ಅತ್ತ ದರಿ, ಇತ್ತ ಪುಲಿ. ಗೆದ್ದರೆ ಅತ್ತೆ ಗಂಟುಬೀಳುತ್ತಾರೆ. ಸೋತರೆ ಹೆಡ್ಮೇಡಂ ಮುಂದಿನ ಇಪ್ಪತ್ತು ವರ್ಷ ನಗುತ್ತಾರೆ. ಆಗಲ್ಲ ಅಂತ ಹೇಳೋಣವೆಂದು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಹೆಡ್ಮೇಡಂ, "ಅತ್ತೆ, ಚಿಕ್ಕವಳಿಗೆ ಹೇಳಿ, ಸೈಕಲ್ ಮಾರೋ ಮನೆ ಸೇರಿದ ಮಾತ್ರಕ್ಕೆ ಸೈಕಲ್ ಓಡ್ಸೋಕೆ ಬರಲ್ಲ" ಅಂದರು.

"ಬರೆಸಿ ನನ್ನ ಹೆಸರು" ಅಂದೆ.

ಜನವರಿ 22

ನಗರಸಭೆಯ ಈಜುಕೊಳದಲ್ಲಿ ಹೆಂಗಸರಿಗೆ ಬೆಳಿಗ್ಗೆ ಒಂದು ಪಾಳಿ, ಸಂಜೆ ಒಂದು. ಹೆಡ್ಮೇಡಂ ಬೆಳಗಿನದು ಹಿಡಿದಿದ್ದಾರೆಂದು ತಿಳಿದು ಸಂಜೆಯದು ಹಿಡಿದೆ. ಚಿಕ್ಕಂದಿನಲ್ಲಿ ಕಲಿತ ಈಜನ್ನು ಕೈಕಾಲು ಮರೆಯುವುದಿಲ್ಲ ಅನ್ನುತ್ತಾರೆ. ನನ್ನ ಕೈ ಮರೆತಿರಲಿಲ್ಲ, ಕಾಲು ಪೂರ್ತಿ ಮರೆತಿತ್ತು. ಮುಂಭಾಗ ಈಜುತ್ತಿತ್ತು, ಹಿಂಭಾಗ ಮುಳುಗುತ್ತಿತ್ತು. ಆ ದಡ ಮುಟ್ಟುವಷ್ಟರಲ್ಲಿ ಅರ್ಧ ಕೊಳ ಕುಡಿದಿದ್ದೆ.

ಅತ್ತೆಯೂ ಬಂದಿದ್ದರು, ನನ್ನ ಸ್ಕೂಟರಿನ ಹಿಂದೆ ಕೊಡೆ ಹಿಡಿದು ಕೂತು. ನಿಮಗ್ಯಾಕೆ ತೊಂದರೆ ಅಂದರೆ, "ನನ್ನ ಹಣೆಬರಹ ಬರೀತಿದೀರ, ನಾನೇ ನೋಡ್ಬಾರದಾ?" ಅಂದರು. ಬಕೆಟ್ಟಿಗಿಂತ ಆಳದ ನೀರನ್ನು ಇಳಿದು ನೋಡಿದವರಲ್ಲ. ಆದರೂ ದಡದ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂಗಿದರು: "ಏನೇ ಅದು, ಬಟ್ಟೆ ಕುಕ್ಕೋ ಹಾಗೆ ಬಡೀತಿದೀಯ! ಪಾಪ, ಆ ನೀರೇನು ಮಾಡ್ತು ನಿನಗೆ?"

ಕೊಳದಲ್ಲಿದ್ದವರೆಲ್ಲ ನಕ್ಕರು. ಮನೆಯಲ್ಲಿ ಸಾಲದು ಅಂತ ನೀರಿನಲ್ಲೂ ಅತ್ತೆ.

ಫೆಬ್ರವರಿ 4

ಗುಟ್ಟು ರಟ್ಟಾಯಿತು. ಅತ್ತೆ ಬೆಳಗಿನ ಪಾಳಿಗೂ ಹೋಗುತ್ತಾರೆ, ಭಾವನ ಸ್ಕೂಟರಿನಲ್ಲಿ! ಅದೇ ಕುರ್ಚಿ, ಅದೇ ಕೊಡೆ. ಎರಡು ದೋಣಿಯಲ್ಲಿ ಕಾಲಿಟ್ಟವರು ನೀರಿಗೆ ಬೀಳುತ್ತಾರೆ ಅಂತ ಕೇಳಿದ್ದೆ. ಇವರಿಗೆ ಕೊಡೆಯೂ ಒದ್ದೆಯಾಗುವುದಿಲ್ಲ.

"ನೀವು ಯಾರ ಕಡೆ, ಅದನ್ನ ಹೇಳಿ ಮೊದಲು" ಅಂತ ತಡೆದು ಕೇಳಿದೆ.

"ನಾನು ಕುರ್ಚಿ ಕಡೆ. ಅಲ್ಲ, ದೊಡ್ಡವಳು ನೀರೊಳಗೆ ಗುಳುಗುಳು ಅಂತ ಉಸಿರು ಬಿಡ್ತಾಳೆ. ನೀನ್ಯಾಕೆ ಹಿಡ್ಕೊಂಡಿರ್ತೀಯ? ಮುಖ ಬದನೆಕಾಯಿ ಆಗಿರತ್ತೆ ಮೇಲೆ ಬಂದಾಗ."

ಅವರ ವಿದ್ಯೆ ನನಗೆ ಬೇಕಾಗಿಲ್ಲ ಅಂದೆ. ಅತ್ತೆ ಪಕ್ಕದವಳ ಹತ್ತಿರ ಮಾತಿಗೆ ತೊಡಗಿದಾಗ ಒಮ್ಮೆ ಮಾಡಿ ನೋಡಿದೆ. ಒಂದು ಗುಟುಕೂ ನೀರು ಕುಡಿಯದೆ ಆ ದಡ ಸೇರಿದೆ. ಮಧ್ಯಾಹ್ನ ಕಡಿಮೆ ಊಟ ಮಾಡಿದ್ದರಿಂದ ಇರಬೇಕು.

ಮಾರ್ಚ್ 6

ನಮ್ಮವರು ನನಗಾಗಿ ಸೈಕಲ್ ಜೋಡಿಸಿ ಕೊಟ್ಟಿದ್ದಾರೆ. ಒಂದೇ ಬೆರಳಲ್ಲಿ ಎತ್ತಬಹುದು. ಸೀಟಿನ ಕೆಳಗಿನ ಚೀಲದಲ್ಲಿ ಟ್ಯೂಬು ಎರಡು, ಪ್ಯಾಚು ಒಂದು ಹಿಡಿ, ನಟ್ಟು ಬೋಲ್ಟು ಲೆಕ್ಕವಿಲ್ಲ. ಅವರ ಸ್ವಭಾವವೇ ಅದು. ಯಾರು ಏನು ಕೊಂಡರೂ "ಒಂದು ಜಾಸ್ತಿ ಇರ್ಲಿ" ಅಂತ ಕೈಗೆ ಹಾಕಿ ಕಳಿಸುತ್ತಾರೆ.

ನೀರಿನ ಟ್ಯಾಂಕಿನ ಹಿಂದಿನ ಏರು ಹತ್ತಲು ಎರಡು ವಾರ ಒದ್ದಾಡಿ ಕೊನೆಗೆ ಕಂಡುಕೊಂಡೆ. ಗೇರು ಬದಲಿಸಬೇಕಾದದ್ದು ಏರು ಶುರುವಾಗುವ ಮೊದಲು, ನಡುವೆ ಅಲ್ಲ. ಖುಷಿ ತಡೆಯಲಾಗದೆ ಅತ್ತೆಗೆ ಹೇಳಿದೆ. ಇವತ್ತು ಸಂಜೆ ಅದೇ ಏರಿನಲ್ಲಿ ಹೆಡ್ಮೇಡಂ ಬೆನ್ನು ನೆಟ್ಟಗೆ ಮಾಡಿಕೊಂಡು, ಸ್ಟಾಫ್ ಮೀಟಿಂಗಿಗೆ ಹೊರಟವರ ಹಾಗೆ, ನನ್ನನ್ನು ದಾಟಿ ಹೋದರು. ಗೇರು ಮೊದಲೇ ಬದಲಿಸಿ!

ಇವರು ಅಂಚೆ ಕಚೇರಿಯಲ್ಲ, ಬೇಹುಗಾರ್ತಿ.

"ನನ್ನ ಗುಟ್ಟು ಯಾಕೆ ಹೇಳಿದ್ರಿ ಅತ್ತೆ?"

"ಅವಳ ಚೈನು ಕಟಕಟ ಅಂತಿತ್ತು ಕಣೇ. ಸೈಕಲ್ ನರಳಿದ್ರೆ ನನಗೆ ತಡ್ಕೊಳ್ಳೋಕಾಗಲ್ಲ. ನಲವತ್ತು ವರ್ಷ ಅಂಗಡೀಲಿ ಕೂತವಳು."

ಏನು ಹೇಳುವುದು ಇಂಥವರಿಗೆ. ಕ್ಲಿನಿಕ್ಕಿನಲ್ಲಿ ಡಾಕ್ಟರು, "ಏನ್ರೀ, ಮೆಟ್ಟಿಲು ಎರಡೆರಡು ಹತ್ತಿ ಬರ್ತಿದೀರ" ಅಂದರು. ನನಗೆ ಗೊತ್ತೇ ಆಗಿರಲಿಲ್ಲ.

ಮಾರ್ಚ್ 27

ಈಜಿ ಮೇಲೆ ಬಂದಾಗ ಅತ್ತೆ ಟವೆಲ್ಲು ಹಿಡಿದು ನಿಂತಿದ್ದರು, ಡಬ್ಬಿಯಲ್ಲಿ ಬೇಯಿಸಿದ ಮೊಟ್ಟೆ. ಕಟ್ಟೆಯ ಮೇಲೆ ಕೂತು ತಿನ್ನುತ್ತಿದ್ದೆ. ಮಾತಿಗೆ ಅಂತ, ಇತ್ತೀಚೆಗೆ ನಿಮ್ಮ ರೇಡಿಯೋ ಸದ್ದೇ ಇಲ್ಲವಲ್ಲ ಅಂದೆ.

"ಎಲ್ಲಿ ಸದ್ದು? ನಿನ್ನ ಗಂಡ ರಿಪೇರಿ ಮಾಡ್ತೀನಿ ಅಂತ ಡಿಸೆಂಬರಲ್ಲಿ ಬಿಚ್ಚಿಟ್ಟವನು ಆ ಕಡೆ ತಿರುಗಿ ನೋಡಿಲ್ಲ."

ಡಿಸೆಂಬರ್. ನಾವು ನಡುಮನೆಯಲ್ಲಿ ಕೂತು ತಳ್ಳಾಡಿದ್ದು ಜನವರಿಯಲ್ಲಿ.

ಕಚ್ಚಿದ ಮೊಟ್ಟೆಯನ್ನು ಡಬ್ಬಿಗೇ ವಾಪಸಿಟ್ಟೆ. "ಉಪ್ಪು ಜಾಸ್ತಿ ಆಯ್ತಾ?" ಅಂತ ಕೇಳಿದರು. ಇಲ್ಲ ಅಂದೆ. ನಾಚಿಕೆಯಿಂದ ಸತ್ತುಹೋಗಬೇಕು ಅನ್ನಿಸಿತು. ಕಿಟಕಿಗೆ ಒಬ್ಬರು, ಗೋಡೆಗೆ ಒಬ್ಬರು ಹೇಳಿದ್ದೆಲ್ಲ ಇವರ ಕಿವಿಗೇ ಹೋಗಿದೆ. ಮೂರು ದಿನ ಸುಮ್ಮನಿದ್ದು ಆ ಕಾಗದ ತಂದಿಟ್ಟಿದ್ದಾರೆ.

ಮಾರ್ಚ್ 28

ಬರೆಯುವಂಥದ್ದೇನಿಲ್ಲ. ರೇಡಿಯೋ ರಿಪೇರಿಗೆ ಕೊಟ್ಟು ಬಂದೆ.

ಏಪ್ರಿಲ್ 16

ಹೆಡ್ಮೇಡಂಗೆ ಮೀನಖಂಡ ಹಿಡಿದುಕೊಂಡಿದೆ. ಗೋಡೆ ಹಿಡಿದು ನಡೆಯುತ್ತಿದ್ದರು. ಮುಖ ಮಾತ್ರ ಏನೂ ಆಗದವರ ಹಾಗೆ. ಕ್ಲಿನಿಕ್ಕಿನ ಕೆಳಗಿನ ಔಷಧಿ ಅಂಗಡಿಯಿಂದ ನೋವಿನ ಸ್ಪ್ರೇ ತಂದು ಅತ್ತೆಯ ಕೈಗಿಟ್ಟೆ. "ನಾನು ಕೊಟ್ಟದ್ದು ಅಂತ ಹೇಳ್ಬೇಡಿ" ಅಂದೆ. ಕರುಣೆ ಉಕ್ಕಿ ಹರಿದದ್ದೇನಲ್ಲ. ಕುಂಟುವವರನ್ನು ಸೋಲಿಸಿದರೆ ನನಗೇನು ಮರ್ಯಾದೆ?

ಏಪ್ರಿಲ್ 17

ಬೆಳಿಗ್ಗೆ ಓಡಿ ಬಂದಾಗ ಒಲೆಯ ಪಕ್ಕ ನನ್ನ ಲೋಟದಲ್ಲಿ ಚಹಾ, ಮೇಲೆ ತಟ್ಟೆ ಮುಚ್ಚಿತ್ತು. ಇವತ್ತು ಹೆಡ್ಮೇಡಂಗೆ ಈಜಿಲ್ಲ, ಹಾಗಾಗಿ ಅತ್ತೆಯೂ ಗಂಡಸರಿಬ್ಬರೂ ಎದ್ದಿರಲಿಲ್ಲ. ಯಾರು ಮಾಡಿಟ್ಟರೋ. ಸಕ್ಕರೆ ಸರಿಯಾಗಿತ್ತು.

ಮೇ 5, ಭಾನುವಾರ

ನಡುಮನೆ ತುಂಬ ರಟ್ಟಿನ ಪೆಟ್ಟಿಗೆಗಳು. ಒಂದೊಂದರ ಮೇಲೂ ಒಳಗೇನಿದೆ ಅಂತ ಹೆಡ್ಮೇಡಂ ಗುಂಡು ಅಕ್ಷರದಲ್ಲಿ ಬರೆದಿದ್ದಾರೆ. ಚಾಕು ಒಂದು ಪೆಟ್ಟಿಗೆಗೆ, ಚಾಕು ಹರಿತ ಮಾಡುವುದು ಇನ್ನೊಂದಕ್ಕೆ. ಇಂಥವರ ಜೊತೆ ಇಷ್ಟು ವರ್ಷ ಬಾಳಿದ್ದೇನೆ.

ಅತ್ತೆಯ ಕೋಣೆಯ ಬಾಗಿಲಲ್ಲಿ ಅವರ ಸೂಟ್‌ಕೇಸೂ ನಿಂತಿತ್ತು, ಬೀಗ ಹಾಕಿ.

"ಈಗಲೇ ಯಾಕತ್ತೆ?"

"ಯಾವ ಕಡೆಗಾದ್ರೂ ಸರಿ, ತಯಾರಿರ್ಬೇಕಲ್ಲ. ಬಸ್ಸು ಬಂದ್ಮೇಲೆ ಚಪ್ಪಲಿ ಹುಡುಕ್ಬಾರದು."

ಕೋಣೆ ಬೋಳುಬೋಳಾಗಿತ್ತು. ಕಪಾಟಿನಲ್ಲಿ ದಿನಕ್ಕೆ ಬೇಕಾದ ಎರಡು ಸೀರೆ, ಒಂದು ಬಾಚಣಿಗೆ. ಸ್ವಂತ ಮನೆಯಲ್ಲಿ ನೆಂಟರ ಹಾಗೆ ಕೂತಿದ್ದಾರೆ, ನಮ್ಮಿಂದಾಗಿ.

ಗೆಲ್ಲಲೇಬೇಕು. ಹೆಡ್ಮೇಡಂ ಸೋಲಬೇಕು ಅನ್ನುವುದು ಇದ್ದೇ ಇದೆ, ಅದು ಬೇರೆ ಮಾತು. ಅತ್ತೆ ಇಲ್ಲಿಂದ ಹೋಗಬಾರದು. ಇವರು ಹೋದರೆ ಸಂಜೆ ದಡದ ಮೇಲೆ ಕುರ್ಚಿ ಖಾಲಿ ಇರುತ್ತದೆ. ಬೈಯುವವರಿಲ್ಲದೆ ಈಜುವುದು ನನಗೀಗ ಬರುವುದೂ ಇಲ್ಲ.

ಮೇ 18

ನಾಳೆ. ಕೆರೆಯ ಹತ್ತಿರ ಹೋಗಿ ನಂಬರ್ ಚೀಟಿ, ಟೋಪಿ ತಂದಾಯಿತು. ಸೈಕಲ್ಲಿನಲ್ಲಿ ಕೆರೆಯ ಸುತ್ತ ನಾಲ್ಕು ಸುತ್ತು ಹಾಕಬೇಕು. ಲೆಕ್ಕ ನಾವೇ ಇಟ್ಟುಕೊಳ್ಳಬೇಕು, ಯಾರೂ ಹೇಳುವುದಿಲ್ಲ. ಓಡುವ ಭರದಲ್ಲಿ ಮರೆತುಹೋಗುತ್ತದೆ ಅಂತ ನಮ್ಮವರು ಹ್ಯಾಂಡಲಿಗೆ ಅಂಟುಪಟ್ಟಿ ಅಂಟಿಸಿ ಕೊಡುತ್ತಾರಂತೆ. ಸುತ್ತಿಗೊಂದು ಕಿತ್ತರೆ ಆಯಿತು, ಪಟ್ಟಿ ಮುಗಿದಾಗ ಸುತ್ತು ಮುಗಿಯಿತು. ಜಾಣ ಉಪಾಯ.

ಊಟ ಸೇರುತ್ತಿಲ್ಲ. ಎದುರಿನ ಕುರ್ಚಿಯಲ್ಲಿ ಹೆಡ್ಮೇಡಂಗೂ ಸೇರುತ್ತಿರಲಿಲ್ಲ. ಅನ್ನ ಮಾಡಿದ್ದು ನಾನಲ್ಲ, ಅವರೇ.

ಮೇ 19, ಭಾನುವಾರ

ತೋಳು ನೋವು, ತೊಡೆ ನೋವು, ನಕ್ಕು ನಕ್ಕು ಪಕ್ಕೆಲುಬೂ ನೋವು. ಮೊದಲಿನಿಂದ ಬರೆಯಬೇಕು, ಇಲ್ಲದಿದ್ದರೆ ನಾಳೆ ನಾನೇ ನಂಬುವುದಿಲ್ಲ.

ಕೆರೆಗೆ ಇಳಿದೆವು. ಶಿಳ್ಳೆ ಊದಿದ್ದೇ ತಡ, ಯಾರದೋ ಹಿಮ್ಮಡಿ ನನ್ನ ಮೂಗಿಗೆ, ನನ್ನ ಮೊಣಕೈ ಇನ್ಯಾರದೋ ಬೆನ್ನಿಗೆ. ಕೊಳದಲ್ಲಾದರೆ ತಳದ ನೀಲಿ ಹೆಂಚು ಕಾಣುತ್ತದೆ. ಇಲ್ಲಿ ಕೆಳಗೆ ಬರೀ ಕಪ್ಪು. ವಾಪಸು ಹೋಗಿಬಿಡೋಣ ಅನ್ನಿಸಿತು. ಆಗ ಗುಳುಗುಳು ಅಂತ ಉಸಿರು ಬಿಡಲು ಶುರುಮಾಡಿದೆ. ಅದೊಂದನ್ನೇ ಮಾಡಿದೆ, ಬೇರೆ ಏನೂ ಯೋಚಿಸಲಿಲ್ಲ. ಕೈಗೆ ಕೆಸರು ತಾಗಿದಾಗ ದಡ ಬಂದಿತ್ತು.

"ದೊಡ್ಡವಳು ಈಗ್ತಾನೇ ಹೋದ್ಲು! ಓಡೇ!" ಕೊಡೆ ಬೀಸುತ್ತಾ ಅತ್ತೆ ಕಿರುಚಿದರು. ಅದಕ್ಕೆ ಮುಂಚೆ "ಚಿಕ್ಕವಳು ಹಿಂದೇನೇ ಇದಾಳೆ, ಓಡೇ!" ಅಂತ ಕಿರುಚಿದ್ದರೆಂದು ಆಮೇಲೆ ಗೊತ್ತಾಯಿತು.

ಸೈಕಲ್ ನಿಲ್ಲಿಸಿದ್ದ ಜಾಗಕ್ಕೆ ಓಡಿದೆ. ಹೆಲ್ಮೆಟ್ ಹಾಕದೆ ಸೈಕಲ್ ಮುಟ್ಟಬಾರದು, ನಿಯಮ. ಹೆಲ್ಮೆಟ್ ಹಾಕಿದೆ. ಒದ್ದೆ ಕಾಲಿಗೆ ಸಾಕ್ಸ್ ಏರಿಸುವುದಕ್ಕಿಂತ ಬೆಕ್ಕಿಗೆ ಅಂಗಿ ತೊಡಿಸುವುದು ಸುಲಭ. ಒಂದು ಹಾಕಿದೆ, ಇನ್ನೊಂದನ್ನು ಬಿಸಾಡಿ ಹೊರಟೆ.

ಸೈಕಲ್ ನನ್ನದು. ಅದರಲ್ಲಿ ಮಾತ್ರ ಯಾರ ಹಂಗೂ ಇಲ್ಲ. ಲೆಕ್ಕವನ್ನು ಪಟ್ಟಿಗೇ ಬಿಟ್ಟು ಸುತ್ತಿಗೊಂದು ಕೀಳುತ್ತಾ ಹೋದೆ. ಎರಡನೆಯ ಸುತ್ತಿನಲ್ಲಿ ದೂರದಲ್ಲಿ ಆ ನೆಟ್ಟನೆಯ ಬೆನ್ನು ಕಂಡಿತು. ಮೂರನೆಯದರಲ್ಲಿ ಹತ್ತಿರವಾಯಿತು. ಅದರ ಮುಂದಿನದು ಮುಗಿಯುವಾಗ ನಾನು ಅವರ ಹಿಂದೆಯೇ ಇದ್ದೆ. ಇನ್ನೇನು ದಾಟಬೇಕು, ಅವರು ಕೈ ಚಾಚಿ ಸೈಕಲ್ ನಿಲ್ಲಿಸುವ ಕಡೆಗೆ ತಿರುಗಿದರು.

ಆ ಸುತ್ತಿನ ಪಟ್ಟಿ ಕಿತ್ತು ಹ್ಯಾಂಡಲ್ ನೋಡಿದೆ. ಇನ್ನೂ ಒಂದು ಪಟ್ಟಿ ಇದೆ!

ಗಣಿತದವರಿಗೇ ಲೆಕ್ಕ ತಪ್ಪಿದೆ! ಸುಮ್ಮನಿದ್ದರೆ ಸಾಕಿತ್ತು. ಒಂದು ಸುತ್ತು ಕಡಿಮೆಯಾದರೆ ಪಂದ್ಯದಿಂದಲೇ ಹೊರಗೆ ಹಾಕುತ್ತಾರೆ. ಅತ್ತೆ ನನಗೆ. ನನಗೆ ಕಂಡಿತ್ತು ಅಂತ ಯಾವ ನರಪಿಳ್ಳೆಗೂ ತಿಳಿಯುವುದಿಲ್ಲ. ಇಷ್ಟೆಲ್ಲ ಯೋಚಿಸಿದ್ದು ನಿಜ, ಮುಚ್ಚಿಡುವುದೇಕೆ. ಆದರೆ ನಾಲ್ಕು ತಿಂಗಳು, ಕಾಲು ಹಿಡಿದುಕೊಂಡರೂ ಬಿಡದೆ ಅಭ್ಯಾಸ ಮಾಡಿದವರು ಹೀಗೆ ಹೊರಬೀಳುವುದನ್ನು ನೋಡಲಾಗಲಿಲ್ಲ.

"ಅಕ್ಕಾ! ಇನ್ನೊಂದು ಸುತ್ತಿದೆ! ಇಳೀಬೇಡಿ!"

ಎಂಟು ತಿಂಗಳ ಮೇಲೆ ಮೊದಲ ಮಾತು. ಅವರು ತಿರುಗಿ ನನ್ನನ್ನು ನೋಡಿದರು. ಸೈಕಲ್ ನಿಲ್ಲಿಸುವ ಜಾಗ ನೋಡಿದರು. ಮತ್ತೆ ನನ್ನನ್ನು ನೋಡಿದರು. ಹ್ಯಾಂಡಲ್ ನೇರ ಮಾಡಿ ಮುಂದೆ ಹೊರಟೇಬಿಟ್ಟರು. ಬಾವುಟ ಹಿಡಿದವನು ಶಿಳ್ಳೆ ಊದಿ, ಎರಡೂ ಕೈ ಬೀಸಿ, ಹುಚ್ಚನಂತೆ ಕುಣಿದ. ಹುರಿದುಂಬಿಸುತ್ತಿದ್ದಾನೆಂದು ನಾನೂ ಕೈ ಬೀಸಿದೆ.

ಆ ಸುತ್ತಿನಲ್ಲಿ ರಸ್ತೆ ಖಾಲಿ. ಮುಂದೆ ಅಕ್ಕ, ಹಿಂದೆ ನಾನು, ಮತ್ತೆ ನರಮನುಷ್ಯರಿಲ್ಲ. ಎಲ್ಲರನ್ನೂ ಎಷ್ಟು ಹಿಂದೆ ಹಾಕಿದ್ದೇವೆ ಅಂತ ಎದೆ ಉಬ್ಬಿತು.

ವಾಪಸು ಬಂದರೆ ಎಲ್ಲರ ಸೈಕಲ್ಲೂ ಆಗಲೇ ಸಾಲಾಗಿ ನಿಂತಿತ್ತು.

"ನಾಲ್ಕೇ ಸುತ್ತಲ್ವೇನಮ್ಮಾ? ಐದನೇದು ಯಾಕೆ ಹೋದ್ರಿ? ಎಷ್ಟು ಕೂಗಿದೆ!" ಅಂದ ಬಾವುಟದವನು.

ರಿಪೇರಿ ಟೆಂಟಿನಿಂದ ನಮ್ಮವರು ಸ್ಪ್ಯಾನರ್ ಹಿಡಿದೇ ಓಡಿಬಂದರು. "ಅಯ್ಯೋ, ಒಂದು ಉದುರಿ ಹೋದ್ರೆ ಅಂತ ಐದು ಅಂಟಿಸಿದ್ದೆ ಕಣೇ! ಒಂದು ಜಾಸ್ತಿ ಇರ್ಲಿ ಅಂತ!"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಕ್ಕ ಮೆಲ್ಲಗೆ ಹೆಲ್ಮೆಟ್ ತೆಗೆದರು, ಸೈಕಲ್ಲಿಗೆ ನೇತುಹಾಕಿದರು, ಅದರ ಬೆಲ್ಟು ಸರಿಮಾಡಿದರು. ಆಮೇಲೆ ನನ್ನ ಕಡೆ ತಿರುಗಿ, ನನಗೇ, ನೇರವಾಗಿ ಹೇಳಿದರು: "ಓಡ್ತೀಯಾ, ಇಲ್ಲಾ ಇಲ್ಲೇ ನಿಂತು ಅಳ್ತೀಯಾ?"

ಓಡಿದೆವು. ಸೈಕಲ್ ಇಳಿದ ಕಾಲು ಯಾರದೋ ಕಾಲಿನ ಹಾಗಿರುತ್ತದೆ, ಇಟ್ಟಲ್ಲಿ ಬೀಳುವುದಿಲ್ಲ.

"ನಿಮಗೂ ಲೆಕ್ಕ ತಪ್ಪಿತ್ತಾ ಅಕ್ಕ?" ಅಂತ ಕೇಳಿದೆ.

"ನನಗ್ಯಾಕೆ ತಪ್ಪತ್ತೆ? ನಾಲ್ಕು ಆಗಿತ್ತು. ನನಗೆ ಗೊತ್ತಿತ್ತು."

"ಮತ್ತೆ ಯಾಕೆ ಬಂದ್ರಿ!"

"ಎಂಟು ತಿಂಗಳಿಂದ ಬಾಯಿ ಬಿಡದವಳು ಬಿಟ್ಟಿದಾಳೆ. ಸುಳ್ಳು ಹೇಳೋಕೆ ಬಿಟ್ಟಿರಲ್ಲ ಅನ್ನಿಸ್ತು. ನನ್ನ ಲೆಕ್ಕಾನೇ ತಪ್ಪಿರ್ಬೇಕು ಅಂದ್ಕೊಂಡೆ."

ಅಳು ಬಂತು. ಓಡುತ್ತಾ ಅಳುವುದು ಬಹಳ ಕಷ್ಟ, ಮೂಗು ಕಟ್ಟುತ್ತದೆ. "ಅವತ್ತು ಅಷ್ಟು ಜನರ ಮುಂದೆ ಹಾಗಂದ್ರಲ್ಲ ನೀವು" ಅಂದೆ.

"ತಪ್ಪೇ. ಅಂದ ಕ್ಷಣವೇ ಗೊತ್ತಾಯ್ತು. ನೀನು ಬೈದಿದ್ರೆ ಮುಗ್ದು ಹೋಗ್ತಿತ್ತು. ಮಾತು ಬಿಟ್ಟೆ, ನಾನೂ ಹಟ ಹಿಡಿದೆ." ಎರಡು ಉಸಿರು ಎಳೆದುಕೊಂಡು, "ಆದ್ರೆ ಅವತ್ತಿನ ಅನ್ನ ನಿಜವಾಗ್ಲೂ ಅಂಟಿತ್ತು" ಅಂದರು.

"ಅಂಟಿತ್ತು" ಅಂದೆ. ನಗು ಬಂದು ಇಬ್ಬರೂ ಬಗ್ಗಿ ನಿಂತೆವು. ನೀರು ಕೊಡುತ್ತಿದ್ದ ಹುಡುಗಿ ಹೆದರಿ, ಡಾಕ್ಟರನ್ನು ಕರೀಲಾ ಅಂತ ಕೇಳಿದಳು.

ಮತ್ತೆ ಓಡುತ್ತಾ ಅಕ್ಕ ಹೇಳಿದರು, "ಮುಂದಿನ ಭಾನುವಾರ ಸಾಮಾನು ಸಾಗಿಸ್ತೀವಿ. ಅತ್ತೆ ಸೂಟ್‌ಕೇಸ್ ನಾನೇ ಎತ್ಕೊಂಡು ಹೋಗ್ತೀನಿ."

"ಯಾರು ಹೇಳಿದ್ದು? ಅತ್ತೆ ಇಲ್ಲೇ ಇರ್ತಾರೆ."

"ನಾನು ಮುಂದಿದೀನಲ್ಲ."

"ಒಂದು ಹೆಜ್ಜೆ!"

"ಒಂದು ಹೆಜ್ಜೆ ಅಂದ್ರೂ ಮುಂದೇನೇ. ನೋಡು, ಅವತ್ತು ಅವರು ಎಲ್ಲಾ ಕೇಳಿಸ್ಕೊಂಡಿದಾರೆ. ಅವರನ್ನ ನಿನ್ನ ಹತ್ರ ಬಿಟ್ಟು ಹೋದ್ರೆ ನನಗೆ ನಿದ್ದೆ ಬರಲ್ಲ."

"ನನಗೆ ಮಾತ್ರ ಬರತ್ತಾ?"

ಇಬ್ಬರೂ ಒಟ್ಟಿಗೆ ಕಾಲು ಕಿತ್ತೆವು. ಗೆದ್ದವರು ಬಟ್ಟೆ ಬದಲಿಸಿ ಮನೆಗೆ ಹೊರಟಿದ್ದರು, ಕುರ್ಚಿ ಮಡಚುತ್ತಿದ್ದವರು ಮಡಚುವುದನ್ನು ಬಿಟ್ಟು ನೋಡತೊಡಗಿದರು. ಕೊನೆಯಿಂದ ಎರಡನೆಯ ಸ್ಥಾನಕ್ಕೆ ನಲವತ್ತು ದಾಟಿದ ಇಬ್ಬರು ಹೆಂಗಸರು ಪ್ರಾಣದ ಹಂಗು ಬಿಟ್ಟು ಓಡುತ್ತಿದ್ದರು, ಒಬ್ಬಳಿಗೆ ಒಂದೇ ಸಾಕ್ಸ್. ಇಷ್ಟು ಬೇಗ ಓಡಬಲ್ಲೆ ಅಂತ ನನಗೆ ಗೊತ್ತಿರಲಿಲ್ಲ. ಅಕ್ಕನಿಗೂ ಗೊತ್ತಿರಲಿಲ್ಲವಂತೆ. ಗೆರೆಯ ಆಚೆ ಅತ್ತೆ ನಿಂತಿದ್ದರು. ಕೂಗುತ್ತಿರಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡಿದ್ದರು.

ಅಕ್ಕ ಗೆದ್ದರು. ಒಂದು ಹೆಜ್ಜೆ, ಅಷ್ಟೇ.

ಇಬ್ಬರೂ ನೆಲಕ್ಕೆ ಬಿದ್ದೆವು. ಅತ್ತೆ ಮೊಣಕಾಲು ನೋವನ್ನೂ ಮರೆತು ನಮ್ಮ ನಡುವೆ ಬಂದು ಕೂತರು, ಒಬ್ಬೊಬ್ಬರ ತಲೆಯ ಮೇಲೆ ಒಂದೊಂದು ಕೈ. "ಏನ್ ಓಟ ಅದು, ಹುಚ್ಚು ಹುಡುಗೀರಾ" ಅಂದರು. ಸೆರಗಿನಿಂದ ನಮ್ಮ ಬೆವರು ಒರೆಸುತ್ತಾ, "ನಾನು ಯಾರಿಗೂ ಬೇಡ ಅಂದ್ಕೊಂಡಿದ್ದೆ" ಅಂದರು.

ಇಬ್ಬರೂ ಅವರ ಕಾಲಿನ ಹತ್ತಿರಕ್ಕೆ ಇನ್ನಷ್ಟು ಸರಿದು ಮಲಗಿದೆವು.

ಮೇ 26, ಭಾನುವಾರ

ಸೋತರೂ ಕೊಟ್ಟ ಮಾತು ಮಾತೇ. ಸಾಮಾನಿನ ವ್ಯಾನು ಬಂತು. ಅತ್ತೆಯ ಸೂಟ್‌ಕೇಸನ್ನು ನಾನೇ ಇಳಿಸಿ ಕೊಟ್ಟೆ. ಅಕ್ಕ ನಾಲ್ಕು ಸಲ ಒಳಗೆ ಬಂದು, ಸೌಟು ಎಲ್ಲಿ, ಜರಡಿ ಎಲ್ಲಿ ಅಂತ ನನ್ನನ್ನೇ ಕೇಳಿದರು. ಪೆಟ್ಟಿಗೆಗಳ ಮೇಲೆ ಅಷ್ಟು ಚೆನ್ನಾಗಿ ಬರೆದವರಿಗೆ ಅವು ಎಲ್ಲಿವೆಯೆಂದು ಗೊತ್ತಿರಲಿಲ್ಲವಂತೆ.

"ಸೆಪ್ಟೆಂಬರಲ್ಲಿ ಇನ್ನೊಂದು ಪಂದ್ಯ ಇದೆಯಂತೆ" ಅಂದೆ, ವ್ಯಾನಿನ ಬಾಗಿಲು ಹಿಡಿದುಕೊಂಡು. "ನಾನು ಗೆದ್ರೆ ಅತ್ತೆ ವಾಪಸು."

"ಬಾ, ನೋಡೇಬಿಡೋಣ. ನಾನೇನು ಸುಮ್ಮನೆ ಬಿಟ್ಕೊಡಲ್ಲ" ಅಂದರು ಅಕ್ಕ.

"ಏನ್ರೇ, ಗೆದ್ದವರ ಮನೆಮನೆ ತಿರುಗೋಕೆ ನಾನೇನು ರೋಲಿಂಗ್ ಶೀಲ್ಡಾ?" ಅಂತ ಅತ್ತೆ ಮುಂದಿನ ಸೀಟಿನಿಂದ ಗದರಿದರು. ಗದರುವವರ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿಲ್ಲ.

ವ್ಯಾನು ಹೋಯಿತು. ಹಾಲು ಉಕ್ಕಿತು. ಯಾರೂ ಹೇಳಲಿಲ್ಲ.

ಜೂನ್ 5

ಕ್ಲಿನಿಕ್ಕಿನಲ್ಲಿ ಮಾತಿಗೆ ಮಾತು ಬಂದು, ಅತ್ತೆ ಓರಗಿತ್ತಿಯ ಮನೆಗೆ ಹೋದರು ಅಂದೆ. ಕೆನ್ನೆ ಊದಿಸಿಕೊಂಡು ಕೂತಿದ್ದ ಹೆಂಗಸೊಬ್ಬರು ಅಷ್ಟು ನೋವಿನಲ್ಲೂ ಬಾಯಿಬಿಟ್ಟು, "ಪುಣ್ಯ ಮಾಡಿದ್ದೀರ ಬಿಡಿ! ಪಾರಾದ್ರಿ" ಅಂದರು. ನಗಬೇಕಿತ್ತು. ಮೇಜಿನ ಮೇಲೆ ತಲೆಯಿಟ್ಟು ಗೊಳೋ ಅಂತ ಅತ್ತುಬಿಟ್ಟೆ. ಡಾಕ್ಟರು ಒಳಗಿನಿಂದ ಓಡಿಬಂದು, ಏನು ಮಾಡುವುದೆಂದು ತೋಚದೆ, ಕೈಗೆ ಹತ್ತಿಯುಂಡೆ ಕೊಟ್ಟು ಹೋದರು.

ಸಂಜೆ ಸೆಪ್ಟೆಂಬರಿನ ಪಂದ್ಯಕ್ಕೆ ಹೆಸರು ಕೊಟ್ಟು ಬಂದೆ. ಮನೆಗೆ ಬರುವಷ್ಟರಲ್ಲಿ ಫೋನು ಬಂತು. ಅತ್ತೆ. ಸುದ್ದಿ ಅಂಗಡಿಯಿಂದಲೇ ಅಲ್ಲಿಗೆ ತಲುಪಿರಬೇಕು. ಹಿಂದೆ ಅಕ್ಕ ಯಾರಿಗೋ ಗಣಿತ ಹೇಳಿಕೊಡುವ ದನಿ ಕೇಳುತ್ತಿತ್ತು. ಅತ್ತೆ ಊಟ ತಿಂಡಿ ವಿಚಾರಿಸಿದರು, ಈಜು ಬಿಟ್ಟಿಲ್ಲ ತಾನೇ ಅಂದರು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದಿರಬೇಕು, ದನಿ ಪಿಸುಪಿಸು ಆಯಿತು.

"ಈ ಸಲ ಗೆಲ್ಲು ಕಣೇ. ಆದ್ರೆ ತೀರಾ ಹಿಂದೆ ಹಾಕ್ಬೇಡ, ಪಾಪ, ಇವಳು ನೊಂದ್ಕೋತಾಳೆ."